ಕಿಡಿಗೊಂದು ಅಕ್ಷರ, ಕಾವಿಗೊಂದು ಅಂಕಿ

ಆಳಂದ ತಾಲೂಕಿನ ನರೋಣಾ ಸೀಮೆಯ ಕಪ್ಪು ನೆಲವು ಮೇ ತಿಂಗಳಿನಲ್ಲಿ ಬಿರಿದು ಬಾಯಿಬಿಟ್ಟಿರುತ್ತದೆ. ತೊಗರಿಯ ರಾಶಿ ಮುಗಿದು ಎಷ್ಟೋ ದಿನಗಳಾಗಿರುತ್ತವೆ. ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ಸಾಗುತ್ತಿದ್ದ ಟ್ರ್ಯಾಕ್ಟರುಗಳ ಸಾಲೂ ಕರಗಿರುತ್ತದೆ. ನಡುಹಗಲಿನಲ್ಲಿ ಉಷ್ಣತೆಯು 40 ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ಇಲ್ಲಿನವರಿಗೆ ಹೊಸದಲ್ಲ. 43, 44 ಮುಟ್ಟುವ ದಿನಗಳೂ ಉಂಟು. ಇಂಥ ಹೊತ್ತಿನಲ್ಲಿ ಕಲಬುರಗಿಯ ಕಡೆಗೆ ಹೊರಟವರು ದಾರಿಯಲ್ಲೊಂದು ಪೆಟ್ರೋಲ್ ಬಂಕಿನ ಮುಂದೆ ನಿಂತಿದ್ದಾರೆಂದು ಎಣಿಸೋಣ. ಪೆಟ್ರೋಲು ಅಳೆದು ಕೊಡುವ ಯಂತ್ರದ ಬದಿಗೆ ಅಂಗೈಗಿಂತ ಚಿಕ್ಕದಾದ ಒಂದು ಲೋಹದ ಫಲಕವಿರುತ್ತದೆ. ಅದರ ಮೇಲಿನ ಬರೆಹ ಸುಮಾರಾಗಿ ಹೀಗೆ: ಎಕ್ಸ್ ಡಿ 2ಎ ಟಿ3. ಎರಡು ಎಂಬುದನ್ನು ಅಲ್ಲಿ ರೋಮನ್ ಅಂಕಿಯಲ್ಲಿ ಕೆತ್ತಿರುತ್ತಾರೆ. ನಾವು ಓದಲು ಸುಲಭವಾಗಲೆಂದು 2 ಎಂದೇ ಬರೆಯುತ್ತೇವೆ.

ಈ ನಾಲ್ಕಾರು ಅಕ್ಷರಗಳನ್ನು ಓದಬಲ್ಲವನಿಗೆ ಆ ಪೆಟ್ಟಿಗೆಯನ್ನು ಎಲ್ಲಿ ಇಡಬಹುದು, ಎಲ್ಲಿ ಇಡಲಾಗದು ಎಂಬುದು ತಿಳಿಯುತ್ತದೆ. ಕೆಲವು ಫಲಕಗಳ ಮೂಲೆಯಲ್ಲಿ 40 ಎಂಬ ಇನ್ನೊಂದು ಅಂಕಿಯೂ ಇರುವುದುಂಟು. ಅದರ ಮಾತನ್ನು ಆಮೇಲೆ ಎತ್ತಿಕೊಳ್ಳುತ್ತೇವೆ. ಕಲಬುರಗಿ ಸೀಮೆಯವರಿಗೆ ಅದು ಉಳಿದ ಅಕ್ಷರಗಳಷ್ಟೇ ಮುಖ್ಯ.

ಪೆಟ್ರೋಲಿನ ಆವಿಯು ಗಾಳಿಯೊಡನೆ ಬೆರೆತು, ಅದರ ಪಾಲು ಶೇಕಡ 1.4ಕ್ಕೂ ಸುಮಾರು 7.6ಕ್ಕೂ ನಡುವೆ ಇದ್ದಾಗ ಮಾತ್ರ ಆ ಮಿಶ್ರಣ ಸಿಡಿಯಬಲ್ಲದು. ಅದಕ್ಕಿಂತ ಕಡಮೆಯಾದರೆ ಇಂಧನ ಸಾಲದು; ಹೆಚ್ಚಾದರೆ ಆಮ್ಲಜನಕ ಸಾಲದು. ಮಿಶ್ರಣವು ಹದವಾಗಿದ್ದರೂ ತಾನಾಗಿ ಹೊತ್ತುವುದಿಲ್ಲ, ಅದನ್ನು ಕೆರಳಿಸುವ ಒಂದು ನಿಮಿತ್ತ ಬೇಕು. ವಿದ್ಯುತ್ ಉಪಕರಣವು ಇಂಥ ಎರಡು ನಿಮಿತ್ತಗಳನ್ನು ಒದಗಿಸಬಲ್ಲದು. ಒಂದು, ಸ್ವಿಚ್ಚಿನ ಬಾಯಲ್ಲಿಯೋ ಮೋಟರಿನ ಕುಂಚದಲ್ಲಿಯೋ ಹುಟ್ಟುವ ಕಿಡಿ. ಇನ್ನೊಂದು, ಕಿಡಿಯೇ ಇಲ್ಲದೆ ಸುಮ್ಮನೆ ಕಾದ ಮೈ. ಇವೆರಡೂ ಒಂದೇ ಬಗೆಯ ಅಪಾಯವೆಂದು ತೋರಬಹುದು. ಹಾಗಲ್ಲ, ಅದನ್ನು ತಿಳಿದರೆ ಫಲಕದ ಅರ್ಧ ಗುಟ್ಟು ತಿಳಿದಂತೆ.

ಈ ವಿದ್ಯೆಯು ಪೆಟ್ರೋಲಿಗಿಂತ ಹಳೆಯದು, ಹುಟ್ಟಿದ್ದು ಕಲ್ಲಿದ್ದಲ ಗಣಿಯಲ್ಲಿ. ಗಣಿಯಲ್ಲಿ ಒಸರುವ ಮೀಥೇನ್ ಅನಿಲವು ನಮ್ಮ ಹಳ್ಳಿಗಳ ಗೋಬರ್ ಗ್ಯಾಸಿನ ಮುಖ್ಯ ಅಂಶವೂ ಹೌದು. 1812ರ ಮೇ 25ರಂದು ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ ನಡೆದ ಆಸ್ಫೋಟನದಲ್ಲಿ 92 ಮಂದಿ ಸತ್ತರು. ಮೂರು ವರ್ಷಗಳ ತರುವಾಯ, 1815ರಲ್ಲಿ, ಹಂಫ್ರಿ ಡೇವಿಯು ದೀಪದ ಸುತ್ತ ಸಣ್ಣ ಕಣ್ಣಿನ ತಂತಿಬಲೆಯನ್ನು ಕಟ್ಟಿ ತನ್ನ ರಕ್ಷಾದೀಪವನ್ನು ರಚಿಸಿದನು. ಅನಿಲವು ಬಲೆಯೊಳಕ್ಕೆ ಹೊಕ್ಕು ಅಲ್ಲಿಯೇ ಉರಿಯಬಹುದು. ಆದರೆ ಆ ಉರಿ ಬಲೆಯನ್ನು ದಾಟಿ ಹೊರಬರಲಾರದು. ತಂತಿಗಳು ಜ್ವಾಲೆಯ ಶಾಖವನ್ನು ಹೀರಿ ಅದನ್ನು ಆರಿಸಿಬಿಡುತ್ತವೆ. ಶಾಲೆಯ ಪ್ರಯೋಗಶಾಲೆಯಲ್ಲಿ ಉಪಾಧ್ಯಾಯರ ಎದುರಿನಲ್ಲಿ ಬುನ್ಸೆನ್ ಜ್ವಾಲೆಯ ಮೇಲೆ ತಂತಿಬಲೆಯೊಂದನ್ನು ಹಿಡಿದು ನೋಡಿದರೆ ಸಾಕು: ಜ್ವಾಲೆಯು ಬಲೆಯ ಕೆಳಗೇ ಚಪ್ಪಟೆಯಾಗಿ ನಿಲ್ಲುತ್ತದೆ.

ವಿದ್ಯುತ್ತು ಗಣಿಗೆ ಇಳಿದಾಗ ಅದೇ ತತ್ತ್ವವು ಬೇರೊಂದು ರೂಪ ತಳೆಯಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಜರ್ಮನಿಯ ಬೈಲಿಂಗ್ ಎಂಬ ಗಣಿ ಅಧಿಕಾರಿಯು ಮೋಟರುಗಳನ್ನೂ ಸ್ವಿಚ್ಚುಗಳನ್ನೂ ದಪ್ಪ ಲೋಹದ ಪೆಟ್ಟಿಗೆಗಳಲ್ಲಿಟ್ಟು, ಒಳಗೂ ಹೊರಗೂ ಅನಿಲ ತುಂಬಿ, ಒಳಗಿನದನ್ನು ಬೇಕೆಂದೇ ಸಿಡಿಸಿ ನೋಡಿದನು. ಪೆಟ್ಟಿಗೆಯ ಮುಚ್ಚಳಕ್ಕೂ ಒಡಲಿಗೂ ನಡುವೆ ಅಗಲವಾದ ಅಂಚುಗಳಿದ್ದು, ಆ ಅಂಚುಗಳ ನಡುವಿನ ಸಂದು ಸಾಕಷ್ಟು ಕಿರಿದಾಗಿದ್ದರೆ, ಒಳಗಿನ ಉರಿ ಹೊರಗಿನ ಅನಿಲಕ್ಕೆ ತಾಗಲಿಲ್ಲ. ಫಲಕದಲ್ಲಿ ಕಾಣುವ ‘ಡಿ’ ಎಂಬ ಅಕ್ಷರವು ಇಂಥ ಪೆಟ್ಟಿಗೆಯ ಗುರುತು. ಒತ್ತಡವನ್ನು ತಾಳಬಲ್ಲದು ಎಂಬ ಅರ್ಥದ ಜರ್ಮನ್ ಪದದ ಮೊದಲಕ್ಷರ ಅದು. ‘ಎಕ್ಸ್’ ಎಂಬುದು ಆಸ್ಫೋಟನದಿಂದ ರಕ್ಷಣೆಯುಳ್ಳ ಉಪಕರಣಗಳೆಲ್ಲಕ್ಕೂ ಸಮಾನವಾದ ಚಿಹ್ನೆ.

ಅನೇಕರು ಈ ಜ್ವಾಲಾನಿರೋಧಕ ಪೆಟ್ಟಿಗೆಯನ್ನು ಗಾಳಿಯಾಡದ ಪೆಟ್ಟಿಗೆಯೆಂದು ತಿಳಿಯುತ್ತಾರೆ. ಅದು ತಪ್ಪು. ಹಗಲು ಕಾದು ರಾತ್ರಿ ತಣಿಯುವ ಯಾವ ಪೆಟ್ಟಿಗೆಯೂ ಉಸಿರಾಡದೆ ಇರದು. ತಣಿದಾಗ ಹೊರಗಿನ ಗಾಳಿಯನ್ನು, ಅದರೊಡನೆ ಆವಿಯನ್ನು, ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ಎಂಜಿನಿಯರನು ಅನಿಲವನ್ನು ತಡೆಯುವ ಹಟವನ್ನೇ ಬಿಟ್ಟಿದ್ದಾನೆ. ಅನಿಲ ಒಳಗೆ ಬರಲಿ, ಕಿಡಿ ತಾಗಿ ಸಿಡಿಯಲಿ. ವಾಯುಮಂಡಲದ ಏಳೆಂಟು ಪಟ್ಟು ಒತ್ತಡವನ್ನು ಪೆಟ್ಟಿಗೆ ಸಹಿಸಿಕೊಳ್ಳಲಿ. ಸಂದಿನ ಮೂಲಕ ಹೊರನುಗ್ಗುವ ಬಿಸಿ ಅನಿಲವು ದಾರಿಯಲ್ಲಿಯೇ ತಣ್ಣಗಾಗಲಿ. ಇದು ಅವನ ಉಪಾಯ. ಶತ್ರುವನ್ನು ಕೋಟೆಯೊಳಗೆ ಬಿಟ್ಟುಕೊಂಡು ಬಾಗಿಲಿನಲ್ಲಿ ಆಯುಧ ಕಸಿದುಕೊಂಡು ಕಳುಹಿಸಿದಂತೆ.

ಹಾಗಾದರೆ ಸಂದು ಎಷ್ಟು ಕಿರಿದಾಗಿರಬೇಕು? ಇದಕ್ಕೆ ಒಂದೇ ಉತ್ತರವಿಲ್ಲ. ಅನಿಲವನ್ನು ನೋಡಿ ಹೇಳಬೇಕು. 25 ಮಿಲಿಮೀಟರು ಅಗಲದ ಅಂಚುಗಳುಳ್ಳ ಪುಟ್ಟ ಕೋಣೆಯೊಂದರಲ್ಲಿ ಅನಿಲವನ್ನು ಸಿಡಿಸಿ, ಹೊರಗಿನ ಅನಿಲ ಹೊತ್ತದಂತೆ ಸಂದನ್ನು ಎಷ್ಟರವರೆಗೆ ಅಗಲಿಸಬಹುದೆಂದು ಅಳೆಯುತ್ತಾರೆ. ಮೀಥೇನಿಗೆ ಅದು ಸುಮಾರು 1.14 ಮಿಲಿಮೀಟರು. ಅಡುಗೆ ಅನಿಲದ ಒಂದು ಭಾಗವಾದ ಪ್ರೊಪೇನಿಗೆ 0.92. ಇಥೈಲೀನಿಗೆ 0.65. ಬೆಸುಗೆಗೆ ಬಳಸುವ ಅಸಿಟಿಲೀನಿಗೆ 0.37. ಜಲಜನಕಕ್ಕೆ ಬರಿಯ 0.29. ಈ ಅಳತೆಗಳನ್ನು ಆಧರಿಸಿ ಅನಿಲಗಳನ್ನು ಗುಂಪುಗೂಡಿಸಿದ್ದಾರೆ. ಕಲ್ಲಿದ್ದಲ ಗಣಿಯ ಮೀಥೇನಿಗೆ ಮೊದಲನೆಯ ಗುಂಪೆಂಬ ಪ್ರತ್ಯೇಕ ಮನೆ. ನೆಲದ ಮೇಲಿನ ಅನಿಲಗಳಿಗೆಲ್ಲ ಎರಡನೆಯ ಗುಂಪು, ಅದರಲ್ಲಿ 0.9 ಮಿಲಿಮೀಟರು ಹಾಗೂ ಅದಕ್ಕೆ ಮೇಲಿನವು 2ಎ, 0.9ಕ್ಕೂ 0.5ಕ್ಕೂ ನಡುವಿನವು 2ಬಿ, 0.5 ಹಾಗೂ ಅದಕ್ಕೆ ಕೆಳಗಿನವು 2ಸಿ. ಅಮೆರಿಕದವರು ಇದೇ ವಿಂಗಡಣೆಯನ್ನು ಎ, ಬಿ, ಸಿ, ಡಿ ಎಂದು ತಿರುವುಮುರುವಾಗಿ ಮಾಡಿಕೊಂಡಿದ್ದಾರೆ. ಅಲ್ಲಿ ಎ ಎಂದರೆ ಅಸಿಟಿಲೀನ್. ಅಲ್ಲಿಂದ ಬಂದ ಯಂತ್ರದ ಫಲಕವನ್ನು ಓದುವಾಗ ಈ ಎಚ್ಚರವಿರಬೇಕು.

ಕಿರಿದಾದ ಸಂದನ್ನೂ ನುಸುಳುವ ಅನಿಲವು ಸಾಮಾನ್ಯವಾಗಿ ಅಲ್ಪ ಕಿಡಿಗೂ ಹೊತ್ತುತ್ತದೆ. ಪ್ರೊಪೇನನ್ನು ಹೊತ್ತಿಸಲು ಸುಮಾರು 0.25 ಮಿಲಿಜೂಲ್ ಶಕ್ತಿ ಸಾಕು. ಒಂದು ಗ್ರಾಂ ತೂಕವನ್ನು ಎರಡೂವರೆ ಸೆಂಟಿಮೀಟರು ಮೇಲೆತ್ತುವಷ್ಟು ಕೆಲಸ ಅದು. ಜಲಜನಕಕ್ಕೆ 0.02 ಮಿಲಿಜೂಲ್ ಸಾಕು. ಅದೇ ತೂಕವನ್ನು ಎರಡು ಮಿಲಿಮೀಟರು ಎತ್ತಿದಂತಾಯಿತು. ನೈಲಾನ್ ಬಟ್ಟೆ ಕಳಚುವಾಗ ಚಟಚಟಿಸುವ ಕಿಡಿಯ ಶಕ್ತಿಯೇ ಇದಕ್ಕಿಂತ ಎಷ್ಟೋ ಹೆಚ್ಚು.

ಈ ಅಲ್ಪ ಕಿಡಿಯ ಲೆಕ್ಕವನ್ನು ಮನುಷ್ಯನು ಕಲಿತದ್ದು ಬಲು ದುಬಾರಿಯ ಪಾಠದಿಂದ. 1913ರ ಅಕ್ಟೋಬರ್ 14ರಂದು ವೇಲ್ಸಿನ ಸೆಂಘೆನಿಡ್ ಗಣಿಯಲ್ಲಿ ಆಸ್ಫೋಟನವಾಗಿ 439 ಗಣಿಗಾರರು ಸತ್ತರು. ಸಂಜ್ಞೆಗಾಗಿ ಬಳಸುತ್ತಿದ್ದ ವಿದ್ಯುತ್ ಗಂಟೆಯ ಕಿಡಿಯೇ ಕಾರಣವಾಗಿರಬಹುದೆಂಬ ಶಂಕೆ ಮೂಡಿತು. ವಿದ್ಯುತ್ ಗಂಟೆಯ ಚಿತ್ರವನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಬರೆದಿದ್ದಾರೆ: ಬ್ಯಾಟರಿ, ಸುರುಳಿ, ಬಡಿಯುವ ಪಟ್ಟಿ, ಸೇರಿ ಅಗಲುವ ತಿರುಪು. ಕೆಲವೇ ವೋಲ್ಟಿನ ಬ್ಯಾಟರಿಯಿಂದ ಏನಾದೀತು ಎಂದು ಆಗಿನವರು ಭಾವಿಸಿದ್ದರು. ಆದರೆ ಮಂಡಲವು ಕಡಿಯುವ ಗಳಿಗೆಯಲ್ಲಿ ಸುರುಳಿಯಲ್ಲಿ ಅಡಗಿದ್ದ ಶಕ್ತಿಯೆಲ್ಲ ಆ ತಿರುಪಿನ ತುದಿಯಲ್ಲಿ ಕಿಡಿಯಾಗಿ ಹೊರಬೀಳುತ್ತದೆ. ವೀಲರ್ ಮತ್ತು ಥಾರ್ನ್‌ಟನ್ ಎಂಬ ವಿಜ್ಞಾನಿಗಳು ಇದನ್ನು ಅಳೆದು, ಮಂಡಲದಲ್ಲಿ ಹೊತ್ತಿಸುವಷ್ಟು ಶಕ್ತಿಯೇ ಇರದಂತೆ ಮಾಡುವ ದಾರಿಯನ್ನು ತೋರಿದರು. ಇಂದು ಅನಿಲ ಸೋರಿಕೆಯನ್ನು ಪತ್ತೆಮಾಡುವ ಕೈಯುಪಕರಣಗಳಲ್ಲಿ ‘ಡಿ’ಯ ಬದಲು ‘ಐ’ ಎಂಬ ಅಕ್ಷರ ಕಂಡರೆ, ಅದು ಈ ಸ್ವಭಾವರಕ್ಷಿತ ಮಂಡಲದ ಗುರುತು. ಅಲ್ಲಿ ದಪ್ಪ ಪೆಟ್ಟಿಗೆಯ ಅಗತ್ಯವೇ ಇಲ್ಲ.

ಇನ್ನು ಕಾದ ಮೈಯ ವಿಚಾರ. ಪ್ರತಿಯೊಂದು ಅನಿಲಕ್ಕೂ ಕಿಡಿಯಿಲ್ಲದೆಯೇ ತಾನಾಗಿ ಹೊತ್ತಿಕೊಳ್ಳುವ ಒಂದು ಉಷ್ಣತೆಯುಂಟು. ಉಪಕರಣದ ಅತ್ಯಂತ ಬಿಸಿಯಾದ ಮೈ ಅದನ್ನು ಮುಟ್ಟಬಾರದು. ಇದಕ್ಕಾಗಿ ಆರು ಮೆಟ್ಟಿಲುಗಳಿವೆ. ಟಿ1 ಎಂದರೆ ಮೈ 450 ಡಿಗ್ರಿಯನ್ನು ಮೀರದು, ಟಿ2, 300, ಟಿ3, 200, ಟಿ4, 135, ಟಿ5, 100, ಟಿ6 ಎಂದರೆ 85. ಅಂಕಿ ಏರಿದಂತೆ ಉಪಕರಣ ತಣ್ಣಗಾಗುತ್ತದೆ ಎಂಬುದನ್ನು ಮರೆಯಬಾರದು. ಪರೀಕ್ಷೆಯಲ್ಲಿ ಇದನ್ನು ತಲೆಕೆಳಗು ಮಾಡಿ ಬರೆಯುವವರೇ ಹೆಚ್ಚು.

ಕಿಡಿಗೆ ಅಂಜುವ ಅನಿಲ ಕಾವಿಗೂ ಅಂಜೀತು ಎಂದು ಊಹಿಸುವುದು ಸಹಜ. ನಿಸರ್ಗವು ಆ ಊಹೆಯನ್ನು ಮನ್ನಿಸಿಲ್ಲ. ಬಲು ಸೂಕ್ಷ್ಮ ಕಿಡಿಗೂ ಹೊತ್ತುವ ಜಲಜನಕವು ಕಾದ ಮೈಯಿಂದ ಹೊತ್ತಬೇಕಾದರೆ 560 ಡಿಗ್ರಿ ಬೇಕು. ಆದುದರಿಂದ ಅದು 2ಸಿ, ಆದರೆ ಟಿ1. ಈಥರ್ ಅದಕ್ಕಿಂತ ಅಗಲವಾದ ಸಂದಿನಲ್ಲಿಯೂ ಆರಿಹೋಗುತ್ತದೆ, 2ಬಿ ಗುಂಪಿನದು. ಆದರೆ ಕಾವಿಗೆ ಬಲು ನಾಜೂಕು, ಟಿ4 ಬೇಕು. ಕಾರ್ಬನ್ ಡೈಸಲ್ಫೈಡ್ ಎಂಬ ದ್ರವದ ಆವಿ ಎರಡರಲ್ಲಿಯೂ ದುಷ್ಟ: 2ಸಿ, ಟಿ6. ಕುದಿಯುವ ನೀರಿನ ಕೊಳವೆಯಷ್ಟು ಬಿಸಿಯಾದ ಮೈಯೂ ಅದನ್ನು ಹೊತ್ತಿಸೀತು. ಆದಕಾರಣ ಅಕ್ಷರವೊಂದನ್ನೋ ಅಂಕಿಯೊಂದನ್ನೋ ನೋಡಿ ಉಪಕರಣವನ್ನು ಕೊಳ್ಳುವಂತಿಲ್ಲ. ಟಿ6 ಎಂಬ ಉತ್ತಮ ಅಂಕಿಯುಳ್ಳ ದೀಪವು 2ಎ ಗುಂಪಿನದಾಗಿದ್ದರೆ ಜಲಜನಕದ ಕೋಣೆಯಲ್ಲಿ ಅದಕ್ಕೆ ಸ್ಥಳವಿಲ್ಲ.

ಇದು ನಮ್ಮ ಸೀಮೆಗೆ ದೂರದ ಮಾತಲ್ಲ. ಆಳಂದ, ಅಫಜಲಪುರಗಳ ಕಬ್ಬು ಭೂಸನೂರು, ಹವಳಗಾಗಳ ಕಾರ್ಖಾನೆಗಳಿಗೆ ಹೋಗುತ್ತದೆ. ಕಬ್ಬಿನಿಂದ ಸಕ್ಕರೆಯಷ್ಟೇ ಅಲ್ಲದೆ ಕಾಕಂಬಿಯ ಮೂಲಕ ಮದ್ಯಸಾರವೂ ಆಗುತ್ತದೆ. 2025ರಲ್ಲಿ ಭಾರತದ ಪೆಟ್ರೋಲಿನಲ್ಲಿ ಮದ್ಯಸಾರದ ಪಾಲು ಶೇಕಡ 20ನ್ನು ಮುಟ್ಟಿತು. ಹೀಗೆ ಕಬ್ಬು ಬೆಳೆಯುವ ಜಿಲ್ಲೆಗಳಲ್ಲಿ ಮದ್ಯಸಾರದ ತೊಟ್ಟಿಗಳೂ ಪಂಪುಗಳೂ ಹೆಚ್ಚಿವೆ.

ಮದ್ಯಸಾರದ ಗುಣವನ್ನು ನೋಡಿರಿ. ಕಾವಿನ ವಿಷಯದಲ್ಲಿ ಅದು ಪೆಟ್ರೋಲಿಗಿಂತ ಸಾಧು. ಪೆಟ್ರೋಲಿಗೆ ಟಿ3 ಬೇಕಾದರೆ ಇದಕ್ಕೆ ಟಿ2 ಸಾಕು, ಏಕೆಂದರೆ ಅದು ತಾನಾಗಿ ಹೊತ್ತಲು 360 ಡಿಗ್ರಿಗೂ ಮೇಲಿನ ಉಷ್ಣತೆ ಬೇಕು. ಆದರೆ ಸಂದಿನ ಅಳತೆಯಲ್ಲಿ? ಪ್ರೊಪೇನಿನ 0.92ಕ್ಕೆ ಎದುರಾಗಿ ಮದ್ಯಸಾರದ್ದು 0.89. ಗಡಿಯಿರುವುದು 0.9ರಲ್ಲಿ. ನೂರರಲ್ಲೊಂದು ಮಿಲಿಮೀಟರಿನ ಅಂತರದಿಂದ ಅದು ಗಡಿಯ ಆಚೆಗೆ ಬಿದ್ದು 2ಬಿ ಗುಂಪಿಗೆ ಸೇರಿತು. ಹಳೆಯ ಪಟ್ಟಿಗಳಲ್ಲಿ ಅದನ್ನು 2ಎ ಎಂದೇ ಬರೆಯುತ್ತಿದ್ದರು. ಪೆಟ್ರೋಲ್ ಬಂಕಿಗೆಂದು ಮಾಡಿದ ‘2ಎ ಟಿ3’ ಉಪಕರಣವನ್ನು ಶುದ್ಧ ಮದ್ಯಸಾರದ ಪಂಪುಮನೆಗೆ ತಂದು ಕೂಡಿಸಿದರೆ, ಕಾವಿನ ಲೆಕ್ಕದಲ್ಲಿ ಅದು ಬೇಕಾದುದಕ್ಕಿಂತ ಮೇಲು. ಸಂದಿನ ಲೆಕ್ಕದಲ್ಲಿ ಸಲ್ಲದು. ನೋಡಲು ಎರಡೂ ಒಂದೇ ಬಗೆಯ ಎರಕದ ಪೆಟ್ಟಿಗೆಗಳು. ಭೇದವಿರುವುದು ಫಲಕದ ಒಂದಕ್ಷರದಲ್ಲಿ.

ಮದ್ಯಸಾರಕ್ಕೆ ಇನ್ನೊಂದು ವಿಲಕ್ಷಣ ಗುಣವಿದೆ. ಮುಚ್ಚಿದ ಪೆಟ್ರೋಲ್ ತೊಟ್ಟಿಯ ಒಳಗಡೆ ಆವಿಯು ಎಷ್ಟು ದಟ್ಟವಾಗಿರುತ್ತದೆಂದರೆ, ಅಲ್ಲಿ ಗಾಳಿ ಸಾಲದೆ ಮಿಶ್ರಣವು ಹೊತ್ತುವ ಮಿತಿಯನ್ನು ಮೀರಿಹೋಗಿರುತ್ತದೆ. ಶುದ್ಧ ಮದ್ಯಸಾರದ ತೊಟ್ಟಿಯಲ್ಲಿ ಹಾಗಲ್ಲ. ಅದರ ಆವಿ ಗಾಳಿಯಲ್ಲಿ ಸುಮಾರು ಶೇಕಡ 3.3ರಿಂದ 19ರವರೆಗೆ ಸಿಡಿಯಬಲ್ಲದು. 20 ಡಿಗ್ರಿಯಲ್ಲಿ ತೊಟ್ಟಿಯ ತಲೆಯ ಭಾಗದಲ್ಲಿ ಆವಿ ಸುಮಾರು ಶೇಕಡ 6ರಷ್ಟಿರುತ್ತದೆ. 40 ಡಿಗ್ರಿಯಲ್ಲಿ 18ರ ಹತ್ತಿರ. ಅಂದರೆ ಕಲಬುರಗಿಯ ಚಳಿಗಾಲದ ಹಗಲಿನಿಂದ ಹಿಡಿದು ಬಿರುಬೇಸಗೆಯವರೆಗೆ ತೊಟ್ಟಿಯ ಒಳಗು ಸಿಡಿಯುವ ಹದದಲ್ಲಿಯೇ ಇರುತ್ತದೆ. ಅಂಥ ಸ್ಥಳವನ್ನು ಶೂನ್ಯ ವಲಯವೆಂದು ಕರೆದು, ಒಳಗೆ ಡಿ ಗುರುತಿನ ಪೆಟ್ಟಿಗೆಯನ್ನೂ ಬಿಡದೆ, ಅತ್ಯಂತ ಎಚ್ಚರಿಕೆಯ ಸ್ವಭಾವರಕ್ಷಿತ ಉಪಕರಣವನ್ನೇ ಬೇಡುತ್ತಾರೆ.

ಈಗ ಆ 40ರ ಮಾತು. ಟಿ ಅಂಕಿಯನ್ನು ಕೊಡುವಾಗ ಪರೀಕ್ಷಕರು ಸುತ್ತಲಿನ ಹವೆಯ ಉಷ್ಣತೆಯನ್ನು ಊಹಿಸಿಕೊಳ್ಳಲೇಬೇಕು. ಅಂತರರಾಷ್ಟ್ರೀಯ ನಿಯಮದಲ್ಲಿಯೂ, ಅದನ್ನು ಅನುಸರಿಸಿದ ಭಾರತೀಯ ಮಾನಕದಲ್ಲಿಯೂ, ಬೇರೇನನ್ನೂ ಬರೆಯದಿದ್ದರೆ ಹವೆಯು ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನಿಂದ 40 ಡಿಗ್ರಿ ಮೇಲಿನವರೆಗೆ ಎಂದು ತಿಳಿಯಬೇಕು. ಯೂರೋಪಿನ ದೇಶಗಳಿಗೆ 40 ಎಂಬುದು ವಿಪರೀತದ ದಿನ. ನರೋಣಾಕ್ಕೆ ಅದು ಮೇ ತಿಂಗಳ ಒಂದು ಸಾಧಾರಣ ಮಧ್ಯಾಹ್ನ.

ಲೆಕ್ಕವನ್ನು ನಾವೇ ಮಾಡೋಣ. ಟಿ4 ಮೋಟರೊಂದರ ಮೈ 40 ಡಿಗ್ರಿಯ ಹವೆಯಲ್ಲಿ 130 ಡಿಗ್ರಿಯನ್ನು ಮುಟ್ಟಿತೆನ್ನೋಣ. ಮಿತಿ 135, ಮಾದರಿಯೊಂದನ್ನು ಪರೀಕ್ಷಿಸಿದಾಗ ಟಿ3ರಿಂದ ಟಿ6ರವರೆಗೆ 5 ಡಿಗ್ರಿಯ ಅಂತರವನ್ನು ಬಿಟ್ಟಿರಬೇಕೆಂಬ ನಿಯಮವಿರುವುದರಿಂದ ಮೋಟರು ಸರಿಯಾಗಿ ತೇರ್ಗಡೆಯಾಯಿತು. ಮೈಯ ಕಾವು ಹವೆಯ ಕಾವಿನ ಮೇಲೆ ಕೂಡಿ ಏರುವುದರಿಂದ, 44 ಡಿಗ್ರಿಯ ದಿನ ಅದೇ ಮೈ 134ರ ಹತ್ತಿರ ಬರುತ್ತದೆ. ಹವಾಮಾನ ಇಲಾಖೆಯ 44 ಎಂಬುದಾದರೋ ನೆರಳಿನ ಉಷ್ಣತೆ. ಬಿಸಿಲಿಗೆ ಬಿದ್ದ ಲೋಹದ ಪೆಟ್ಟಿಗೆಯ ಸುತ್ತ ಇನ್ನೂ ಏಳೆಂಟು ಡಿಗ್ರಿ ಹೆಚ್ಚಾದರೆ, ಫಲಕದ ಮಾತು ಸುಳ್ಳಾಗುತ್ತದೆ. ಇದರಿಂದ ಮದ್ಯಸಾರವೋ ಪೆಟ್ರೋಲೋ ಕೂಡಲೆ ಹೊತ್ತುತ್ತದೆಂದು ನಾವು ಹೆದರಿಸುತ್ತಿಲ್ಲ. ಅವುಗಳಿಗೂ ಈ ಕಾವಿಗೂ ಇನ್ನೂ ನೂರು ಡಿಗ್ರಿಯ ಸುಮಾರು ಅಂತರವಿದೆ. ಆದರೆ ಟಿ5, ಟಿ6 ಉಪಕರಣಗಳನ್ನೇ ಬೇಡುವ ಆವಿಗಳ ಸಂಗಡ ಆ ಧಾರಾಳವಿಲ್ಲ. ಟಿ6ರಲ್ಲಿ 40ರಿಂದ 85ರವರೆಗೆ ಇರುವ ಅವಕಾಶವೇ 45 ಡಿಗ್ರಿ; ಅದರಲ್ಲಿ ಐದಾರು ಡಿಗ್ರಿಯನ್ನು ಬಿಸಿಲು ನುಂಗಿದರೆ ಉಳಿದದ್ದು ಕಡಮೆಯೇ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. 50 ಅಥವಾ 55 ಡಿಗ್ರಿಯ ಹವೆಗೆ ಪರೀಕ್ಷಿಸಿದ ಉಪಕರಣಗಳೂ ದೊರೆಯುತ್ತವೆ. ಅವುಗಳ ಫಲಕದ ಮೇಲೆ ಆ ಹವೆಯ ಮಿತಿಯನ್ನು ಸ್ಪಷ್ಟವಾಗಿ ಕೆತ್ತಿರುತ್ತಾರೆ. ಪ್ರಮಾಣಪತ್ರದ ಸಂಖ್ಯೆಯ ಕೊನೆಯಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರವೊಂದು ಒಂಟಿಯಾಗಿ ನಿಂತಿದ್ದರೆ, ವಿಶೇಷ ನಿಬಂಧನೆಯೊಂದುಂಟು, ಪತ್ರವನ್ನು ತೆರೆದು ಓದು ಎಂದು ಅರ್ಥ. ನಮ್ಮ ದೇಶದಲ್ಲಿ ಇಂಥ ಪರೀಕ್ಷೆಗಳನ್ನು ಧನಬಾದಿನ ಕೇಂದ್ರೀಯ ಗಣಿ ಮತ್ತು ಇಂಧನ ಸಂಶೋಧನ ಸಂಸ್ಥೆ ನಡೆಸುತ್ತದೆ; ಎಣ್ಣೆ, ಅನಿಲಗಳ ಸ್ಥಳದಲ್ಲಿ ಬಳಸಲು ಒಪ್ಪಿಗೆ ಕೊಡುವುದು ನಾಗಪುರದಲ್ಲಿ ಮುಖ್ಯ ಕಚೇರಿಯುಳ್ಳ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ.

ತೊಗರಿಯ ನಾಡಿನಲ್ಲಿ ಧೂಳಿನ ಮಾತನ್ನೂ ಆಡದೆ ಬಿಡಲಾಗದು. 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಇಲ್ಲಿನ ತೊಗರಿಬೇಳೆಯು ಮಿಲ್ಲಿನಲ್ಲಿ ಒಡೆಯುವಾಗ ಏಳುವ ಹಿಟ್ಟುಧೂಳು ಸಸ್ಯಜನ್ಯವಾದದ್ದು, ಉರಿಯಬಲ್ಲದು. ಸಕ್ಕರೆಯ ಧೂಳೂ ಹಾಗೆಯೇ. 2008ರ ಫೆಬ್ರುವರಿ 7ರಂದು ಅಮೆರಿಕದ ಜಾರ್ಜಿಯ ಸಂಸ್ಥಾನದ ಪೋರ್ಟ್ ವೆಂಟ್‌ವರ್ತ್‌ನಲ್ಲಿ ಸಕ್ಕರೆ ಕಾರ್ಖಾನೆಯೊಂದು ಸಕ್ಕರೆಯ ಧೂಳಿನಿಂದಲೇ ಸಿಡಿದು 14 ಮಂದಿ ಸತ್ತರು. ಧೂಳಿಗೆ ಮೂರನೆಯ ಗುಂಪು. ಅಲ್ಲಿ ಟಿ ಮೆಟ್ಟಿಲುಗಳ ಬದಲು ಉಷ್ಣತೆಯನ್ನೇ ನೇರವಾಗಿ ಬರೆಯುತ್ತಾರೆ. ಧೂಳಿನ ಮೋಡ ಹೊತ್ತುವ ಉಷ್ಣತೆಯ ಮೂರರಲ್ಲಿ ಎರಡು ಪಾಲನ್ನು ಮೈ ಮೀರಬಾರದು. ಐದು ಮಿಲಿಮೀಟರು ದಪ್ಪದ ಪದರವು ಹೊತ್ತುವ ಉಷ್ಣತೆಗಿಂತ 75 ಡಿಗ್ರಿಯಾದರೂ ಕೆಳಗಿರಬೇಕು. ಮೋಟರಿನ ಮೇಲೆ ಧೂಳು ಕಂಬಳಿಯಂತೆ ಕೂತರೆ ಒಳಗಿನ ಶಾಖ ಹೊರಹೋಗದೆ ಕಾವು ಏರುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಲ್ಲಿ ಪೊರಕೆಯೇ ಮೊದಲನೆಯ ರಕ್ಷಾಯಂತ್ರ.

ಪರೀಕ್ಷೆಯಲ್ಲಿ ಗೆದ್ದ ಪೆಟ್ಟಿಗೆಯನ್ನು ಸೋಲಿಸುವವನು ಬಹುಮಟ್ಟಿಗೆ ರಿಪೇರಿ ಮಾಡುವವನೇ. ಮುಚ್ಚಳಕ್ಕೆ ಎಂಟು ಬೋಲ್ಟುಗಳಿದ್ದರೆ ಆರನ್ನು ಹಾಕಿ ಎರಡನ್ನು ಜೇಬಿಗಿಳಿಸುವುದು, ನೀರು ಇಳಿಯದಿರಲೆಂದು ಅಂಚುಗಳ ನಡುವೆ ಸೈಕಲ್ ಟ್ಯೂಬಿನ ಪಟ್ಟಿ ಇಡುವುದು, ತುಕ್ಕು ಹತ್ತದಿರಲೆಂದು ಅಂಚಿಗೇ ಬಣ್ಣ ಬಳಿಯುವುದು, ಇನ್ನೊಂದು ತಂತಿಗಾಗಿ ಪಕ್ಕದಲ್ಲಿ ತೂತು ಕೊರೆಯುವುದು: ಇವೆಲ್ಲ ಸದುದ್ದೇಶದ ಕೆಲಸಗಳೇ. ಆದರೆ ರಬ್ಬರಿನ ಪಟ್ಟಿಯು ಸಂದನ್ನು ಅಗಲಿಸುತ್ತದೆ. ಒಳಗಿನ ಸಿಡಿತಕ್ಕೆ ಅದು ಹರಿದುಹೋಗುತ್ತದೆ. ಆಗ ಉಳಿಯುವ ಬಾಯಿ 0.9 ಅಲ್ಲ, ಎರಡು ಮೂರು ಮಿಲಿಮೀಟರು. ಅಂಥ ಪೆಟ್ಟಿಗೆಗಿಂತ ಸಾಧಾರಣ ಪೆಟ್ಟಿಗೆಯೇ ಮೇಲೆಂದು ನಮಗೆ ತೋರುತ್ತದೆ. ಅದನ್ನಾದರೂ ಯಾರೂ ನಂಬಿ ನಿಲ್ಲುವುದಿಲ್ಲ.

ನಮ್ಮ ಮನೆಗಳ ಸ್ವಿಚ್ಚಿನ ಮೇಲೆ ಯಾವ ಫಲಕವೂ ಇಲ್ಲ. ಅಡುಗೆ ಅನಿಲವು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾದುದರಿಂದ ಸೋರಿದಾಗ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಫ್ರಿಜ್ಜಿನ ಹಿಂದೆ, ಕೆಳಗಡೆಯಲ್ಲಿ, ತಾನಾಗಿ ಹಚ್ಚಿ ಆರಿಸುವ ಸ್ವಿಚ್ಚು ಕಾದಿರುತ್ತದೆ. ರಾತ್ರಿ ವಾಸನೆ ಹತ್ತಿ ಎದ್ದವರು ದೀಪ ಹಾಕಬಾರದೆಂಬುದನ್ನು ಬಹಳ ಮಂದಿ ಬಲ್ಲರು. ಉರಿಯುತ್ತಿರುವ ದೀಪವನ್ನು ಆರಿಸಲೂ ಬಾರದೆಂಬುದನ್ನು ಬಲ್ಲವರು ಕಡಮೆ. ಮಂಡಲವನ್ನು ಕಡಿಯುವಾಗಲೂ ಕಿಡಿ ಹಾರುತ್ತದೆ. ಸೆಂಘೆನಿಡ್ಡಿನ ಗಂಟೆಯ ಕಿಡಿಯೂ ಹೀಗೆ ಮಂಡಲ ಕಡಿಯುವಾಗ ಹುಟ್ಟುವಂಥದೇ. ಇದ್ದ ಸ್ಥಿತಿಯಲ್ಲಿಯೇ ಎಲ್ಲವನ್ನೂ ಬಿಟ್ಟು, ಕೈಗೆಟುಕಿದರೆ ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು, ಮೀಟರಿನ ಬಳಿಯ ಮುಖ್ಯ ಸ್ವಿಚ್ಚು ಮನೆಯ ಹೊರಗಿದ್ದರೆ ಮಾತ್ರ ಅದನ್ನು ತೆಗೆಯಬೇಕು.